ಮರೆ ಕಟ್ಟುವ ವಿದ್ಯೆ, ಮರೆ ಉಳಿಸುವ ಹೊಣೆ

ಘಟಪ್ರಭೆ ಮತ್ತು ಕೃಷ್ಣೆಯರ ನಡುವೆ ಮುಧೋಳ, ಬೀಳಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಲ್ಲುಗುಡ್ಡಗಳನ್ನು ದೂರದಿಂದ ನೋಡಿದವರು ‘ಇಲ್ಲೇನಿದೆ, ಬರೀ ಮುಳ್ಳುಕಂಟಿ’ ಎನ್ನುವುದುಂಟು. ಅದೇ ಮುಳ್ಳುಕಂಟಿಯಲ್ಲಿ ಕರ್ನಾಟಕದ ಮೊದಲ ಚಿಂಕಾರ ವನ್ಯಧಾಮವಾದ ಯಡಹಳ್ಳಿ ಇದೆ. ಕಳೆದ ದಶಕದ ಮಧ್ಯಭಾಗದಲ್ಲಿ ಸರ್ಕಾರ ಇಲ್ಲಿನ ಸುಮಾರು 96 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಧಾಮವೆಂದು ಘೋಷಿಸಿತು. 2019ರಲ್ಲಿ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣವೂ ಚಿಂಕಾರಗಳಿಗೆಂದೇ ಮೀಸಲಾಯಿತು. ಇಡೀ ರಾಜ್ಯದಲ್ಲಿ ಈ ಪುಟ್ಟ ಹುಲ್ಲೆಯ ಹೆಸರಿನಲ್ಲಿ ಮೀಸಲಾದ ನೆಲ ಎಷ್ಟು ಕಡಿಮೆಯೆಂಬುದನ್ನು ನೆನೆದರೆ, ನಾವು ‘ಬರೀ ಕಂಟಿ’ ಎನ್ನುವ ಪದವನ್ನು ಬಳಸುವ ಮುನ್ನ ಎರಡು ಬಾರಿ ಯೋಚಿಸಬೇಕಾಗುತ್ತದೆ.

ಈ ಸಂಚಿಕೆಯಲ್ಲಿ ನಾವು ಎತ್ತಿಕೊಳ್ಳುತ್ತಿರುವ ವಿಷಯ ಚಿಕ್ಕದೆಂದು ತೋರಬಹುದು. ಕಾಡಿನಲ್ಲಿ ಕಾಣದಂತೆ ಕುಳಿತುಕೊಳ್ಳಲು ಸೊಪ್ಪು, ಹುಲ್ಲು, ಕಟ್ಟಿಗೆಗಳಿಂದ ಕಟ್ಟುವ ಮರೆಗುಡಿಸಲಿನ ವಿಷಯವದು. ಅಡವಿಯಲ್ಲಿ ಒಂಟಿಯಾಗಿ ಬದುಕುಳಿಯುವ ಬಗೆಯನ್ನು ತೋರಿಸುವ ವಿಡಿಯೊಗಳು ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿವೆ. ಅವುಗಳಲ್ಲಿ ಒಬ್ಬಾತ ಮಚ್ಚು ಹಿಡಿದು ಬಂದು, ಹಸಿ ರೆಂಬೆಗಳನ್ನು ಕಡಿದು, ಗಳಿಗೆಯೊಳಗೆ ಗುಡಿಸಲು ಹೂಡಿ, ಅದರ ಮೇಲೆ ಪಾಚಿ, ತರಗೆಲೆ ಹರಡಿ ಮಾಯವಾಗುತ್ತಾನೆ. ನೋಡಲು ಸೊಗಸು. ಆದರೆ ಆ ದೃಶ್ಯಗಳು ಬಹುಪಾಲು ಮಳೆ ಸಮೃದ್ಧವಾಗಿರುವ, ಕಡಿದ ಕೊಂಬೆ ಮರುವರ್ಷ ಚಿಗುರುವ ದೇಶಗಳವು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದೂ ಕೈಕೊಡುವ ನಮ್ಮ ಗುಡ್ಡಗಳಿಗೆ ಆ ಪಾಠವನ್ನು ಹಾಗೆಯೇ ತಂದು ಹಚ್ಚಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಬೇಕಾಗಿದೆ.

ಮರೆ ಕಟ್ಟುವ ವಿದ್ಯೆ ನಮಗೆ ಹೊಸತಲ್ಲ. ಜೋಳ ಹಾಲುಗಾಳಿಗೆ ಬಂದಾಗ ಹಕ್ಕಿ ಕಾಯಲು ಕವಣೆ ಹಿಡಿದು ಏರುವ ಅಟ್ಟ, ಕುರಿಹಿಂಡಿನ ಜೊತೆ ಊರೂರು ಅಲೆಯುವ ಕುರಿಗಾರರು ಕಂಬಳಿ ಹೊದಿಸಿ ಮಾಡಿಕೊಳ್ಳುವ ಒಂದಿರುಳಿನ ನೆಲೆ, ಕಾಡುಹಂದಿಯ ಕಾಟಕ್ಕೆ ಹೊಲದ ಬದುವಿನಲ್ಲಿ ಹೂಡುವ ಕಣಿಕೆಯ ಗುಡಿಸಲು, ಇವೆಲ್ಲ ಅದೇ ವಿದ್ಯೆಯ ರೂಪಗಳು. ಇದೇ ವಿದ್ಯೆಯ ಇನ್ನೊಂದು ಮುಖವೂ ಇದೆ. ಬೇಸಿಗೆಯಲ್ಲಿ ನೀರಿನ ಗುಂಡಿಯ ಪಕ್ಕ ಮುಳ್ಳು, ಸೊಪ್ಪು ಒಟ್ಟಿ ಕುಳಿತು, ಬಾಯಾರಿ ಬಂದ ಪ್ರಾಣಿಯನ್ನು ಕೊಲ್ಲುವ ಕಳ್ಳಬೇಟೆಗಾರನಿಗೂ ಬೇಕಾದುದು ಮರೆಯೇ. ಅಧ್ಯಯನಕ್ಕೆ ಕುಳಿತವನ ಮರೆಗೂ ಕೊಲ್ಲಲು ಕುಳಿತವನ ಮರೆಗೂ ಕಟ್ಟಡದಲ್ಲಿ ವ್ಯತ್ಯಾಸವಿಲ್ಲ. ಆದುದರಿಂದ ಈ ವಿದ್ಯೆಯನ್ನು ಕಲಿಸುವವರ ಮೇಲೆ ಹೊಣೆ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸಲೇಬೇಕು. ಕಳ್ಳಬೇಟೆಯ ಮಾತು ಬಂದ ಕೂಡಲೇ ಬೇಟೆಯ ವಿದ್ಯೆ ಬಲ್ಲ ಸಮುದಾಯಗಳ ಕಡೆಗೆ ಬೆರಳು ತೋರಿಸುವ ಚಾಳಿ ನಮ್ಮಲ್ಲಿ ಹೋಗಿಲ್ಲ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಬೇಕೆಂಬ ಕಾನೂನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿದರು. ಊರಿಗೆ ಬೆಂಕಿ ಬಿತ್ತು, ಹಲವರು ನೇಣಿಗೇರಿದರು. ಆ ಕಥೆ ಲಾವಣಿಯಾಗಿ ಇಂದಿಗೂ ಉಳಿದಿದೆ. ಮುಂದೆ 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ದೇಶದ ಅನೇಕ ಅಲೆಮಾರಿ, ಬೇಟೆಗಾರ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆಯಿತು. ಆ ಕಾಯ್ದೆ 1952ರಲ್ಲಿ ರದ್ದಾಯಿತಾದರೂ ಅದರ ಕಲೆ ಜನರ ಮನಸ್ಸಿನಿಂದ ಪೂರ್ತಿ ತೊಳೆದುಹೋಗಿಲ್ಲ. ಹೆಜ್ಜೆ ಗುರುತು ಓದಬಲ್ಲ, ಗಾಳಿಯ ದಿಕ್ಕು ತಿಳಿಯಬಲ್ಲ, ಪ್ರಾಣಿಗೆ ಕಾಣದಂತೆ ಕೂರಬಲ್ಲ ಮನುಷ್ಯ ವನ್ಯಧಾಮಕ್ಕೆ ಅಪಾಯವಲ್ಲ. ಆತನ ತಿಳಿವಳಿಕೆಗೆ ಮರ್ಯಾದೆ ಮತ್ತು ಕೂಲಿ ಎರಡೂ ಸಿಕ್ಕರೆ ಆತನೇ ವನ್ಯಧಾಮದ ಬಲುದೊಡ್ಡ ಕಾವಲು.

ಇನ್ನು ಮರೆಯ ವಿಜ್ಞಾನಕ್ಕೆ ಬರೋಣ. ಈ ಶಾಸ್ತ್ರದ ಮೊದಲ ಗುರು ಸ್ವತಃ ಚಿಂಕಾರವೇ. ಅದರ ಬೆನ್ನು ಮಣ್ಣಿನ ಕಂದು, ಹೊಟ್ಟೆ ಬಿಳುಪು. ಬೆಳಕು ಮೇಲಿನಿಂದ ಬೀಳುವುದರಿಂದ ಯಾವುದೇ ದುಂಡಗಿನ ವಸ್ತುವಿನ ಮೇಲ್ಭಾಗ ತಿಳಿಯಾಗಿಯೂ ಕೆಳಭಾಗ ನೆರಳಿನಿಂದ ಕಪ್ಪಾಗಿಯೂ ಕಾಣುತ್ತದೆ. ಆ ನೆರಳೇ ‘ಇಲ್ಲೊಂದು ದೇಹವಿದೆ’ ಎಂದು ಕಣ್ಣಿಗೆ ಹೇಳುವುದು. ಹೊಟ್ಟೆ ಬಿಳುಪಾಗಿದ್ದರೆ ನೆರಳು ಅಳಿಸಿಹೋಗುತ್ತದೆ, ದೇಹ ಚಪ್ಪಟೆಯಾಗಿ ನೆಲದೊಳಗೆ ಕರಗಿದಂತಾಗುತ್ತದೆ. ಅಮೆರಿಕದ ಚಿತ್ರಕಾರ ಅಬಟ್ ಥೇಯರ್ ಈ ಗುಟ್ಟನ್ನು 1896ರಲ್ಲಿ ವಿವರಿಸಿದನು. 1940ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹ್ಯೂ ಕಾಟ್ ಪ್ರಾಣಿಗಳ ಬಣ್ಣಗಳ ಬಗ್ಗೆ ಒಂದು ದೊಡ್ಡ ಗ್ರಂಥವನ್ನೇ ಬರೆದನು. ಎರಡು ಮಹಾಯುದ್ಧಗಳ ಸೇನೆಗಳೂ ಪ್ರಾಣಿಗಳಿಂದ ಕಲಿತ ಇಂಥ ಪಾಠಗಳನ್ನು ಬಳಸಿಕೊಂಡವು.

ಇದರಿಂದ ಮರೆ ಕಟ್ಟುವವನು ಕಲಿಯಬೇಕಾದುದೇನು? ಬಣ್ಣಕ್ಕಿಂತ ಮೊದಲು ಆಕಾರ ಮತ್ತು ನೆರಳು. ನಿಸರ್ಗದಲ್ಲಿ ನೇರ ಗೆರೆ, ಚೂಪಾದ ಮೂಲೆ ವಿರಳ. ನೇರವಾದ ಮಾಡಿನ ಅಂಚು ಮತ್ತು ಕಪ್ಪು ಬಾಗಿಲ ಕಂಡಿ ಇವೆರಡೇ ಎಷ್ಟೋ ಮರೆಗಳನ್ನು ಬಯಲು ಮಾಡುತ್ತವೆ. ದಿಣ್ಣೆಯ ನೆತ್ತಿಯ ಮೇಲೆ ಕಟ್ಟಿದ ಗುಡಿಸಲು ಆಕಾಶಕ್ಕೆ ಎದುರಾಗಿ ಎದ್ದು ಕಾಣುತ್ತದೆ. ಇಳಿಜಾರಿನಲ್ಲಿ, ಪೊದೆಯ ನೆರಳಿನ ಪಕ್ಕದಲ್ಲಿ, ನೆಲಕ್ಕೆ ತಗ್ಗಾಗಿ ಕಟ್ಟಿದ್ದು ಕಾಣುವುದಿಲ್ಲ.

ಬಣ್ಣದ ವಿಷಯದಲ್ಲಿ ನೋಡುವ ಕಣ್ಣು ಯಾರದೆಂಬುದು ಮುಖ್ಯ. ಜಿಂಕೆ, ಹುಲ್ಲೆಗಳಂಥ ಗೊರಸಿನ ಪ್ರಾಣಿಗಳ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು. ಕೆಂಪು ಮತ್ತು ಹಸುರಿನ ನಡುವಿನ ವ್ಯತ್ಯಾಸ ಅವಕ್ಕೆ ನಮಗೆ ತಿಳಿಯುವಷ್ಟು ತಿಳಿಯುವುದಿಲ್ಲ. ಆದರೆ ಅಲುಗಾಟ ಮಾತ್ರ ಬಹು ದೂರದಿಂದಲೇ ತಿಳಿಯುತ್ತದೆ, ವಾಸನೆ ಅದಕ್ಕಿಂತಲೂ ಬೇಗ. ಹಕ್ಕಿಗಳಿಗೋ ನಾಲ್ಕು ಬಗೆಯ ಕೋಶಗಳಿದ್ದು, ನಮಗೆ ಕಾಣದ ನೇರಳಾತೀತ ಬೆಳಕೂ ಹಲವು ಹಕ್ಕಿಗಳಿಗೆ ಕಾಣುತ್ತದೆ. ಹಾಗಾಗಿ ಚಿಂಕಾರವನ್ನು ನೋಡಲು ಹೋಗುವವನು ಚಿತ್ತಾರದ ಮಿಲಿಟರಿ ಅಂಗಿಗೆ ಹಣ ಸುರಿಯುವ ಬದಲು, ಗಾಳಿಗೆ ಎದುರಾಗಿ ಕುಳಿತು ಮೈ ಅಲುಗಿಸದೆ ಇರುವುದನ್ನು ಕಲಿಯುವುದು ಲೇಸು.

ಈಗ ನಮ್ಮ ಮುಖ್ಯ ಆಕ್ಷೇಪಕ್ಕೆ ಬರುತ್ತೇವೆ. ಹಸಿ ಸೊಪ್ಪು ಕಡಿದು ಕಟ್ಟಿದ ಮರೆ ಕಾಡಿಗೆ ಹಾನಿ ಎಂಬುದಷ್ಟೇ ಅಲ್ಲ, ಅದು ಮರೆಯಾಗಿಯೂ ಕೆಲಸಕ್ಕೆ ಬಾರದು. ಕಡಿದ ರೆಂಬೆಗೆ ಬೇರಿನಿಂದ ನೀರು ನಿಲ್ಲುತ್ತದೆ, ಎಲೆಯಿಂದ ನೀರು ಆವಿಯಾಗುವುದು ನಿಲ್ಲುವುದಿಲ್ಲ. ನಮ್ಮ ಬಿಸಿಲಿನಲ್ಲಿ ಅರ್ಧ ದಿನಕ್ಕೆ ಎಲೆ ಜೋತುಬೀಳುತ್ತದೆ, ಒಂದೆರಡು ದಿನಕ್ಕೆ ಮುರುಟಿ ಬಣ್ಣಗೆಡುತ್ತದೆ. ಸುತ್ತಲಿನ ಜೀವಂತ ಪೊದೆಗಳ ನಡುವೆ ಆ ಬಾಡಿದ ರಾಶಿ ತೇಪೆಯಂತೆ ಎದ್ದು ಕಾಣುತ್ತದೆ. ಕಡಿದ ಎಲೆಯಿಂದ ಹೊಮ್ಮುವ ಹಸಿವಾಸನೆ ಬೇರೆ. ಇನ್ನು ಫೆಬ್ರುವರಿಯಿಂದ ಮೇ ತನಕ ನಮ್ಮ ಗುಡ್ಡಗಳು ಹಸುರಾಗಿರುವುದೇ ಇಲ್ಲ. ಹುಲ್ಲು ಒಣಗಿ, ಕಂಟಿ ಎಲೆ ಉದುರಿಸಿ, ನೆಲವೆಲ್ಲ ಹೊಂಬಣ್ಣ, ಬೂದುಬಣ್ಣಕ್ಕೆ ತಿರುಗಿರುತ್ತದೆ. ಆ ಕಾಲದಲ್ಲಿ ಹಸುರು ಮರೆ ಕಟ್ಟುವುದೆಂದರೆ ‘ನಾನಿಲ್ಲಿದ್ದೇನೆ’ ಎಂದು ಸಾರಿದಂತೆಯೇ ಸರಿ.

ಹಾನಿಯ ಲೆಕ್ಕವನ್ನೂ ನೋಡೋಣ. ತೆಳುವಾದ ಮಣ್ಣಿನ, ಕಲ್ಲು ಮೇಲೆದ್ದ ನೆಲದಲ್ಲಿ ಒಂದು ಕಾರೆ ಕಂಟಿ ಆಳೆತ್ತರಕ್ಕೆ ಬರಲು ವರ್ಷಗಳು ಬೇಕು. ಅದರ ಬುಡದಲ್ಲಿ ತರಗು ನಿಲ್ಲುತ್ತದೆ, ತರಗಿನಲ್ಲಿ ತೇವ ನಿಲ್ಲುತ್ತದೆ, ತೇವದಲ್ಲಿ ಹುಲ್ಲಿನ ಬೀಜ ಮೊಳೆಯುತ್ತದೆ. ಹುಟ್ಟಿದ ಚಿಂಕಾರದ ಮರಿ ಮೊದಲ ದಿನಗಳಲ್ಲಿ ತಾಯಿಯ ಹಿಂದೆ ಓಡುವುದಿಲ್ಲ. ಹುಲ್ಲು, ಕಂಟಿಯ ಮರೆಯಲ್ಲಿ ಮುದುಡಿ, ಅಲುಗದೆ ಮಲಗಿರುತ್ತದೆ. ತಾಯಿ ದೂರದಲ್ಲಿ ಮೇದು, ಹಾಲೂಡಿಸಲಷ್ಟೇ ಬರುತ್ತದೆ. ಆ ಮರಿಗೆ ಇರುವ ಗೋಡೆಯೂ ಮಾಡೂ ಒಂದೇ ಕಂಟಿ. ಮುಧೋಳ ನಾಯಿಯಂಥ ಬೇಟೆನಾಯಿಗಳು ಮೂಗಿಗಿಂತ ಕಣ್ಣನ್ನು ನೆಚ್ಚಿ ಅಟ್ಟಿಸಿಕೊಂಡು ಹೋಗುವ ತಳಿಗಳು. ಅವುಗಳ ಕಣ್ಣಿಗೆ ಮರಿ ಬೀಳದಂತೆ ಕಾಯುವುದೂ ಅದೇ ಕಂಟಿ. ಮನುಷ್ಯ ಒಂದಿರುಳು ಮರೆಯಾಗುವ ಆಟಕ್ಕಾಗಿ ಹತ್ತು ಕಂಟಿಗಳನ್ನು ಸವರಿದರೆ, ವರ್ಷಗಟ್ಟಲೆ ಮರೆಯಾಗಿದ್ದು ಬದುಕಬೇಕಾದ ಜೀವಿಗಳನ್ನು ಬಯಲಿಗೆ ಎಳೆದಂತಾಯಿತು. ಪುರಲೆ, ಗೌಜಲಹಕ್ಕಿ, ನತ್ತಿಂಗಗಳಂತೆ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿಗೂ ಇದೇ ಗತಿ.

ಹಾಗಾದರೆ ಮರೆ ಕಟ್ಟುವುದೇ ಬೇಡವೆ? ಬೇಡವೆಂದು ನಾವು ಹೇಳುತ್ತಿಲ್ಲ. ಪ್ರಾಣಿಯನ್ನು ಬೆದರಿಸದೆ ನೋಡುವ ಅಭ್ಯಾಸ ವಿದ್ಯಾರ್ಥಿಗಳಿಗೆ ಬರಬೇಕು. ನೋಡದವನಿಗೆ ಪ್ರೀತಿ ಹುಟ್ಟದು. ಆದರೆ ಅದಕ್ಕೆ ಬೇಕಾದ ಸಾಮಗ್ರಿ ಕಾಡಿನಲ್ಲಿಲ್ಲ, ನಮ್ಮ ಹೊಲಗಳಲ್ಲಿದೆ.

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗಗಳು ಇಂದು ಕಬ್ಬಿನ ನಾಡಾಗಿವೆ. ಒಂದು ಎಕರೆ ಕಬ್ಬು ಕಟಾವಾದಾಗ ಸುಮಾರು ಮೂರರಿಂದ ನಾಲ್ಕು ಟನ್ ರವದಿ ಹೊಲದಲ್ಲಿ ಉಳಿಯುತ್ತದೆ. ಅದರಲ್ಲಿ ಬಹುಪಾಲನ್ನು ಇಂದಿಗೂ ನಾವು ಬೆಂಕಿಗೆ ಹಾಕುತ್ತಿದ್ದೇವೆ. ರವದಿಯನ್ನು ಮಣ್ಣಿಗೆ ಹೊದಿಸಿ ಕೊಳೆಸಬೇಕೆಂಬುದು ನಮ್ಮ ಮೊದಲ ಸಲಹೆ. ಹಾಗೆ ಹೊದಿಸಿ ಉಳಿಸುವ ರಾಶಿಯಿಂದ ಒಂದೆರಡು ಹೊರೆ ತೆಗೆದರೆ ಒಂದು ಮರೆಗೆ ಬೇಕಾದಷ್ಟು ಹೊದಿಕೆ ಆಯಿತು. ಜೊತೆಗೆ ಮೇವಿಗೆ ಬಾರದ ಹಳೆಯ ಕಣಿಕೆ, ತೊಗರಿ ಕಟ್ಟಿಗೆ, ಸೂರ್ಯಕಾಂತಿಯ ದಂಟು ಇವೆ. ಇವುಗಳೆಲ್ಲದರ ಬಣ್ಣ ನಮ್ಮ ಬೇಸಿಗೆಯ ನೆಲದ ಬಣ್ಣವೇ. ಈಗಾಗಲೇ ಒಣಗಿರುವುದರಿಂದ ಇವು ಬಾಡಿ ಬಣ್ಣಗೆಡುವುದೂ ಇಲ್ಲ.

ಹಂದರಕ್ಕೆ ಗಟ್ಟಿ ಕೋಲು ಬೇಕಲ್ಲವೆ ಎಂದು ಕೇಳಬಹುದು. ಹಳ್ಳದ ದಂಡೆ, ಕೆರೆಯಂಗಳ, ಗೋಮಾಳಗಳನ್ನು ನುಂಗುತ್ತಿರುವ ಬಳ್ಳಾರಿ ಜಾಲಿ ಇದೆಯಲ್ಲ! ಹೊರನಾಡಿನಿಂದ ಬಂದು ನೆಲೆಯೂರಿದ ಈ ಗಿಡವನ್ನು ಊರಿನ ಜಾಗದಿಂದ, ಪಂಚಾಯಿತಿಗೆ ತಿಳಿಸಿ ಕಡಿದರೆ ನಷ್ಟವಿಲ್ಲ. ಮುಳ್ಳು ಸವರಿದ ಅದರ ಕೋಲುಗಳು ಹಂದರಕ್ಕೆ ಸಾಕಷ್ಟು ಗಟ್ಟಿ. ಕಾಯಿ ಕಟ್ಟಿದ ಕೊಂಬೆಗಳನ್ನು ಮಾತ್ರ ಎಲ್ಲಿಗೂ ಒಯ್ಯಬಾರದು, ಬೀಜ ಹರಡುತ್ತದೆ. ಕಟ್ಟುವುದಕ್ಕೆ ಪ್ಲಾಸ್ಟಿಕ್ ದಾರ ಬೇಡ. ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಉಳಿಯುವ ಹತ್ತಿಯ ನೂಲನ್ನು ಹುರಿ ಮಾಡಿಕೊಂಡರೆ ಮರೆತು ಬಿಟ್ಟುಬಂದರೂ ಅದು ಮಣ್ಣಾಗುತ್ತದೆ.

ಇನ್ನೊಂದು ಮಾತು. ಇಂಗ್ಲೆಂಡಿನ ಕೀರ್ಟನ್ ಸಹೋದರರು 1900ರ ಸುಮಾರಿಗೆ ಹಕ್ಕಿಗಳ ಫೋಟೊ ತೆಗೆಯಲು ಒಂದು ಉಪಾಯ ಹೂಡಿದರು. ಎತ್ತಿನ ಚರ್ಮವನ್ನು ಹಂದರಕ್ಕೆ ಹೊದಿಸಿ, ಟೊಳ್ಳು ಎತ್ತೊಂದನ್ನು ಮಾಡಿ, ಅದರೊಳಗೆ ಕ್ಯಾಮೆರಾ ಹಿಡಿದು ಕುಳಿತರು. ಹಕ್ಕಿಗಳು ದಿನವೂ ಎತ್ತನ್ನು ನೋಡುತ್ತಿದ್ದುದರಿಂದ ಹೆದರಲಿಲ್ಲ. ಕಾಣದಂತೆ ಇರುವುದೊಂದೇ ಮರೆಯಲ್ಲ, ಕಂಡರೂ ಅನುಮಾನ ಹುಟ್ಟಿಸದಂತೆ ಇರುವುದೂ ಮರೆಯೇ. ನಮ್ಮ ಸೀಮೆಯ ಪ್ರಾಣಿಗಳು ಹುಟ್ಟಿದಂದಿನಿಂದ ನೋಡುತ್ತ ಬಂದಿರುವ ಆಕಾರ ಯಾವುದು? ಹೊಲದಲ್ಲಿನ ಬಣವಿ. ಗುಡ್ಡದಂಚಿನ ಖಾಸಗಿ ಹೊಲದಲ್ಲಿ, ರೈತನ ಒಪ್ಪಿಗೆ ಪಡೆದು, ಒಳಗೆ ಇಬ್ಬರು ಕೂರುವಷ್ಟು ಟೊಳ್ಳು ಬಿಟ್ಟು ಒಂದು ಪುಟ್ಟ ಬಣವಿಯಾಕಾರದ ಮರೆ ಹೂಡಿದರೆ ಕಾಡಿನ ಒಂದು ಎಲೆಯನ್ನೂ ಮುಟ್ಟಬೇಕಾಗಿಲ್ಲ. ಅದನ್ನು ಒಂದೇ ದಿನದಲ್ಲಿ ಎಬ್ಬಿಸದೆ, ನಾಲ್ಕಾರು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರಾಣಿಗಳಿಗೆ ರೂಢಿಯಾದ ಮೇಲೆ ಒಳಗೆ ಕೂರಬೇಕು. ಬೆಳಕು ಹರಿಯುವ ಮುನ್ನ ಸೇರಿ, ಪ್ರಾಣಿಗಳು ದೂರ ಸರಿದ ಮೇಲೆ ಹೊರಬರಬೇಕು. ಕೆಲಸ ಮುಗಿದ ಮೇಲೆ ಬಿಚ್ಚಿ, ರವದಿಯನ್ನು ಅದೇ ಹೊಲಕ್ಕೆ ಹರಡಬೇಕು.

ಅಪಾಯಗಳನ್ನೂ ಮರೆಯುವಂತಿಲ್ಲ. ಒಣ ರವದಿ ಒಂದು ಕಿಡಿಗೆ ಸಾಕು. ಒಳಗೆ ಬೀಡಿ, ಒಲೆ, ಸೊಳ್ಳೆಬತ್ತಿ ಯಾವುದೂ ಕೂಡದು, ಹೊರಬರಲು ಎರಡು ದಾರಿ ಇರಬೇಕು. ಒಣಹುಲ್ಲಿನ ರಾಶಿಯಲ್ಲಿ ಹಾವು, ಚೇಳು ಸೇರುತ್ತವೆ. ಪ್ರತಿ ಸಾರಿಯೂ ಕೋಲಿನಿಂದ ತಡವಿ, ಬೆಳಕು ಹಿಡಿದು ನೋಡದೆ ಒಳಹೋಗಬಾರದು. ಹಂದಿಯ ಕಾಟಕ್ಕೆ ಕೆಲವರು ಕದ್ದು ಎಳೆಯುವ ವಿದ್ಯುತ್ ತಂತಿ ಕತ್ತಲಲ್ಲಿ ಕಾಣುವುದಿಲ್ಲ. ಹೊಲದೊಡೆಯನನ್ನು ಕೇಳದೆ ಇರುಳಿನಲ್ಲಿ ಯಾವ ಬದುವನ್ನೂ ದಾಟಬಾರದು. ಏಪ್ರಿಲ್-ಮೇ ತಿಂಗಳ ನಡುಹಗಲಿನಲ್ಲಿ ಮುಚ್ಚಿದ ಮರೆಯೊಳಗೆ ಕೂರುವುದು ಸಾಹಸವಲ್ಲ, ಮೂರ್ಖತನ.

ಎಲ್ಲಕ್ಕಿಂತ ದೊಡ್ಡ ಅಪಾಯವೊಂದನ್ನು ಈ ವಿಡಿಯೊಗಳು ಹೇಳುವುದಿಲ್ಲ. ದಾರಿ ತಪ್ಪಿದವನು, ಗಾಯಗೊಂಡವನು ಮರೆಯಾಗಬಾರದು. ಬದುಕುಳಿಯುವ ಗುಡಿಸಲು ಬೇರೆ, ಅಡಗುವ ಗುಡಿಸಲು ಬೇರೆ. ನಿಮ್ಮನ್ನು ಹುಡುಕುತ್ತ ಬರುವವರ ಕಣ್ಣಿಗೆ ನೀವು ಬೀಳಬೇಕು. ಗುಡ್ಡದಲ್ಲಿ ದಿಕ್ಕು ತಪ್ಪಿದರೆ ನೆರಳು ಹುಡುಕಿ ಒಂದೇ ಕಡೆ ಕುಳಿತು, ಎದ್ದು ಕಾಣುವ ಬಣ್ಣದ ಬಟ್ಟೆಯನ್ನು ಎತ್ತರಕ್ಕೆ ಕಟ್ಟಿ, ಮೂರು ಮೂರು ಬಾರಿ ಸೀಟಿ ಊದಬೇಕು. ಗುಡುಗು-ಮಿಂಚಿನ ಹೊತ್ತಿನಲ್ಲಿ ಒಂಟಿ ಮರದ ಕೆಳಗೂ ದಿಣ್ಣೆಯ ನೆತ್ತಿಯ ಮೇಲೂ ನಿಲ್ಲಬಾರದು. ಸೊಪ್ಪು ಹೊದ್ದು ಮಾಯವಾಗುವ ಪಾಠವನ್ನು ಮಕ್ಕಳಿಗೆ ಹೇಳಿಕೊಡುವ ಮೊದಲು ಈ ಪಾಠವನ್ನು ಹೇಳಿಕೊಡಬೇಕು.

ಕಾನೂನಿನ ಮಾತು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಧಾಮದೊಳಗೆ ಹೊರಗಿನವರು ಅನುಮತಿಯಿಲ್ಲದೆ ಹೋಗುವಂತಿಲ್ಲ, ಅಲ್ಲಿನ ಗಿಡಗಂಟಿಗಳಿಗೆ ಹಾನಿ ಮಾಡುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ಆಯುಧ ಒಯ್ಯುವಂತಿಲ್ಲ. ‘ನಾವು ಕಲಿಯಲು ಹೋಗಿದ್ದೆವು’ ಎಂಬ ಉತ್ತರ ಮಚ್ಚು ಹಿಡಿದವನಿಗೆ ರಕ್ಷಣೆಯಾಗದು. ಆದರೆ ಕಾನೂನಿನ ಹೆದರಿಕೆಯೊಂದರಿಂದಲೇ ಕಾಡು ಉಳಿಯುವುದಿಲ್ಲ ಎಂಬುದನ್ನೂ ನಾವು ಬಲ್ಲೆವು. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ, ಮನೆ ಕಳೆದುಕೊಂಡ ಬೀಳಗಿ ಸೀಮೆಯ ಕುಟುಂಬಗಳಿಗೆ, ಕುರಿ ಮೇಯಿಸಲು ಜಾಗವಿಲ್ಲದ ಕುರಿಗಾರರಿಗೆ ಗುಡ್ಡವೆಂದರೆ ಉಳಿದ ಒಂದೇ ಆಸರೆ. ಅವರನ್ನು ಹೊರಗಿಟ್ಟು ಚಿಂಕಾರವನ್ನು ಒಳಗಿಡುವ ಯೋಜನೆ ಹೆಚ್ಚು ಕಾಲ ನಿಲ್ಲದು.

ಆದುದರಿಂದ ನಮ್ಮ ಬಳಗದ ಬೇಡಿಕೆಗಳು ಇವು. ಕಾಲೇಜುಗಳು ನಿಸರ್ಗ ಶಿಬಿರಗಳಲ್ಲಿ ಹಸಿ ಕೊಂಬೆ ಕಡಿಯುವುದನ್ನು ಪೂರ್ತಿ ನಿಲ್ಲಿಸಲಿ, ಮರೆ ಕಟ್ಟುವ ಪಾಠವನ್ನು ವನ್ಯಧಾಮದ ಹೊರಗೆ, ಬೆಳೆಯುಳಿಕೆಗಳಿಂದಲೇ ನಡೆಸಲಿ. ನೀರಿನ ಗುಂಡಿಯ ಹತ್ತಿರ, ಗೂಡಿನ ಹತ್ತಿರ, ಮರಿ ಮಲಗಿರುವ ಹುಲ್ಲಿನಲ್ಲಿ ಯಾರೂ ಯಾವ ನೆಪಕ್ಕೂ ಮರೆ ಹೂಡದಿರಲಿ. ಅರಣ್ಯ ಇಲಾಖೆ ಪ್ರಾಣಿಗಳ ಎಣಿಕೆಗೆ, ಬೇಸಿಗೆಯ ನೀರುಗುಂಡಿಗಳ ಕಾವಲಿಗೆ ಗುಡ್ಡದಂಚಿನ ಹಳ್ಳಿಗಳ ಕುರಿಗಾರರನ್ನೂ ಬೇಟೆಯ ವಿದ್ಯೆ ಬಲ್ಲ ಸಮುದಾಯಗಳ ಯುವಕರನ್ನೂ ಕೂಲಿ ಕೊಟ್ಟು ನೇಮಿಸಲಿ. ಗ್ರಾಮ ಪಂಚಾಯಿತಿಗಳು ಅನುಮಾನ ಬರುವ ಮರೆಗಳನ್ನು ಕಂಡವರು ಹೆದರದೆ ತಿಳಿಸುವಂಥ ವ್ಯವಸ್ಥೆ ಮಾಡಲಿ.

ಕೊನೆಯ ಬೇಡಿಕೆ ರೈತರಾದ ನಮ್ಮನಮ್ಮಲ್ಲೇ. ಕಬ್ಬಿಗೆ ಇನ್ನೆರಡು ಸಾಲು ಜಾಗ ಸಿಗಲೆಂದು ಬದುವಿನ ಕಂಟಿ, ಬೇಲಿ, ಬಾರಿ ಗಿಡಗಳನ್ನು ಜೆಸಿಬಿಯಿಂದ ಬುಡಸಹಿತ ಕೀಳಿಸುತ್ತಿದ್ದೇವೆ. ಬದುವಿನ ಕಂಟಿ ಮಣ್ಣನ್ನು ಹಿಡಿಯುತ್ತದೆ, ಗಾಳಿಯನ್ನು ತಡೆಯುತ್ತದೆ, ಹುಳು ತಿನ್ನುವ ಹಕ್ಕಿಗೆ ಮನೆಯಾಗುತ್ತದೆ, ಗುಡ್ಡದಿಂದ ಗುಡ್ಡಕ್ಕೆ ಹಾಯುವ ಪ್ರಾಣಿಗೆ ನಡುದಾರಿಯ ಮರೆಯಾಗುತ್ತದೆ. ಹೊಸ ಮರೆ ಕಟ್ಟುವ ಮೊದಲು ಇರುವ ಮರೆಯನ್ನು ಉಳಿಸಿಕೊಳ್ಳೋಣ. ಈ ಮುಂಗಾರಿಗೆ ಮುನ್ನ ಪ್ರತಿಯೊಬ್ಬ ರೈತನೂ ತನ್ನ ಹೊಲದ ಒಂದು ಬದುವಿನ ಕಂಟಿಯನ್ನಾದರೂ ಮುಟ್ಟದೆ ಬಿಡುವುದಾಗಿ ತೀರ್ಮಾನಿಸಲಿ. ಅದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ, ಸಹಾಯಧನವೂ ಬೇಕಾಗಿಲ್ಲ.